ಕ್ಯಾರವಾನ್‌ಗೆ ಸರ್ಜ್ ಪ್ರೊಟೆಕ್ಟರ್ ಬೇಕೇ? ಒಮಾನಿನಲ್ಲಿ ಹೊರಡುವ ಮುನ್ನ ಯೋಚಿಸಬೇಕಾದದ್ದು

ಅಕ್ಟೋಬರ್ ಬಂತೆಂದರೆ ಮಸ್ಕತ್‌ನ ಬಿಸಿಲು ಸ್ವಲ್ಪ ಸೋಲುತ್ತದೆ. ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಜಬಲ್ ಶಮ್ಸ್, ಶರ್ಕಿಯಾ ಮರಳುಗಾಡು, ರಾಸ್ ಅಲ್ ಜಿನ್ಜ್‌ನ ಆಮೆಗಳ ಮಾತು ಶುರುವಾಗುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗದವರು ಜೂನ್ 21ರಿಂದ ಸೆಪ್ಟೆಂಬರ್ 21ರವರೆಗಿನ ಖರೀಫ್ ಕಾಲದಲ್ಲಿ ಸುಮಾರು 1000 ಕಿಲೋಮೀಟರ್ ಓಡಿಸಿಕೊಂಡು ಸಲಾಲಕ್ಕೆ ಹೊರಡುತ್ತಾರೆ. ಕೆಲವರು ಕ್ಯಾರವಾನ್ ಬಾಡಿಗೆಗೆ ಹಿಡಿಯುತ್ತಾರೆ. ಇನ್ನು ಕೆಲವರು ಎರಡು ಮನೆಯವರು ಸೇರಿ ಹಳೆಯದೊಂದನ್ನು ಕೊಂಡುಬಿಡುತ್ತಾರೆ. ಅಲ್ಲಿಂದ ಸಾಮಾನಿನ ಪಟ್ಟಿ ಬೆಳೆಯುತ್ತದೆ: ಕುಕ್ಕರ್, ಚಾಪೆ, ಚಟ್ನಿಪುಡಿ, ಮಕ್ಕಳ ಸೈಕಲ್. ಕೊನೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸರ್ಜ್ ಪ್ರೊಟೆಕ್ಟರ್ ತಗೋಬೇಕಾ?"

ಉತ್ತರ ಹುಡುಕಿದರೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಮನೆಯ ಸಾಕೆಟ್‌ನಲ್ಲಿ 120 ವೋಲ್ಟ್, 60 ಹರ್ಟ್ಸ್. ಕ್ಯಾಂಪ್ ಜಾಗಗಳಲ್ಲಿ ಪ್ರತಿ ವಾಹನಕ್ಕೂ ಒಂದು ಕರೆಂಟ್ ಕಂಬ ಇರುತ್ತದೆ. ಒಮಾನಿನಲ್ಲಿ 240 ವೋಲ್ಟ್, 50 ಹರ್ಟ್ಸ್. ಬ್ರಿಟನ್‌ನಲ್ಲಿರುವಂಥ ಮೂರು ಚೌಕ ಪಿನ್ನಿನ ಸಾಕೆಟ್. ನಾವು ಕ್ಯಾರವಾನ್ ನಿಲ್ಲಿಸುವ ಹೆಚ್ಚಿನ ಜಾಗಗಳಲ್ಲಿ ಕಂಬವೂ ಇಲ್ಲ, ಸಾಕೆಟ್ಟೂ ಇಲ್ಲ. ಆದ್ದರಿಂದ ಅಲ್ಲಿನ ಸಲಹೆಯನ್ನು ಹಾಗೆಯೇ ಇಲ್ಲಿಗೆ ತಂದರೆ ದುಡ್ಡು ಹೋಗುತ್ತದೆ, ಅಪಾಯ ಮಾತ್ರ ಇದ್ದಲ್ಲೇ ಇರುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಅರ್ಥಿಂಗ್ ಮತ್ತು ಆರ್‌ಸಿಡಿ, ಆಮೇಲೆ ವೋಲ್ಟೇಜ್ ಏರುಪೇರಾದರೆ ಕರೆಂಟ್ ಕಡಿಯುವ ಸಾಧನ, ಅದರ ನಂತರ ಸರ್ಜ್ ಪ್ರೊಟೆಕ್ಟರ್. ಮೊದಲನೆಯದು ನಿಮ್ಮ ಮಕ್ಕಳನ್ನು ಕಾಯುತ್ತದೆ. ಉಳಿದೆರಡು ನಿಮ್ಮ ಎಸಿ ಮತ್ತು ಫ್ರಿಜ್ಜನ್ನು ಕಾಯುತ್ತವೆ. ಈ ಕ್ರಮ ಯಾಕೆ ಎನ್ನುವುದು ಗೊತ್ತಾದರೆ ನಿಮ್ಮ ಪ್ರಯಾಣಕ್ಕೆ ಯಾವುದು ಬೇಕು, ಯಾವುದು ಬೇಡ ಎಂದು ನೀವೇ ನಿರ್ಧರಿಸಬಹುದು.

'ಕರೆಂಟಿನ ತೊಂದರೆ' ಒಂದಲ್ಲ, ನಾಲ್ಕು

ಊರಿನ ಮನೆಯಲ್ಲಿ ಫ್ರಿಜ್ ಪಕ್ಕದ ಗೋಡೆಗೆ ನೇತುಹಾಕಿದ್ದ ಸ್ಟೆಬಿಲೈಸರ್ ನಿಮಗೆ ನೆನಪಿರಬಹುದು. ಟಿಕ್ ಎಂದು ಸದ್ದು ಮಾಡುತ್ತಾ ವೋಲ್ಟೇಜನ್ನು ಏರಿಸಿ ಇಳಿಸುತ್ತಿತ್ತು. ಗುಡುಗಿದರೆ ಅಜ್ಜಿ ಅದನ್ನು ನಂಬುತ್ತಿರಲಿಲ್ಲ, "ಟಿವಿ ಪ್ಲಗ್ ಕಿತ್ತು ಹಾಕ್ರೋ" ಎಂದು ಕೂಗುತ್ತಿದ್ದರು. ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು. ಸ್ಟೆಬಿಲೈಸರ್ ಮಾಡುವ ಕೆಲಸ ಬೇರೆ, ಸಿಡಿಲು ತರುವ ತೊಂದರೆ ಬೇರೆ.

ಮೊದಲನೆಯದು ಸರ್ಜ್. ಸಾವಿರಾರು ವೋಲ್ಟ್‌ವರೆಗೆ ಏರಿ, ಸೆಕೆಂಡಿನ ಲಕ್ಷಾಂಶ ಭಾಗದಷ್ಟು ಸಮಯದಲ್ಲಿ ಇಳಿದುಹೋಗುವ ಅಲೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಅಥವಾ ದೊಡ್ಡ ಯಂತ್ರಗಳು, ಲೈನುಗಳು ಆನ್-ಆಫ್ ಆದಾಗ ಬರುತ್ತದೆ. ಎರಡನೆಯದು ಹೈ ವೋಲ್ಟೇಜ್: 240 ಇರಬೇಕಾದಲ್ಲಿ 300, 350 ವೋಲ್ಟ್ ಬಂದು ನಿಮಿಷಗಟ್ಟಲೆ ನಿಲ್ಲುವುದು. ಮೂರನೆಯದು ಲೋ ವೋಲ್ಟೇಜ್: ಎಸಿಯ ಕಂಪ್ರೆಸರ್ ತಿರುಗಲಾರದೆ ಗೊರಗೊರ ಎನ್ನುತ್ತಾ ಬಿಸಿಯಾಗುವುದು. ನಾಲ್ಕನೆಯದು ತಂತಿ ಜೋಡಣೆಯದ್ದು: ಅರ್ಥಿಂಗ್ ಇಲ್ಲದಿರುವುದು, ಅಥವಾ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿರುವುದು.

ಸಾಮಾನ್ಯ ಸರ್ಜ್ ಪ್ರೊಟೆಕ್ಟರ್ ತಡೆಯುವುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ. ಅದರೊಳಗೆ ವ್ಯಾರಿಸ್ಟರ್ ಎಂಬ ಸಣ್ಣ ಬಿಲ್ಲೆ ಇರುತ್ತದೆ, ಮುಖ್ಯವಾಗಿ ಸತುವಿನ ಆಕ್ಸೈಡ್‌ನಿಂದ ಮಾಡಿದ್ದು. ಮಾಮೂಲಿ ವೋಲ್ಟೇಜಿನಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ದಾರಿ ಬಿಟ್ಟು, ಹೆಚ್ಚಿನ ಶಕ್ತಿಯನ್ನು ತನ್ನ ಮೂಲಕ ಹರಿಸಿಬಿಡುತ್ತದೆ. ಕೆರೆ ತುಂಬಿದಾಗ ನೀರು ಹೊರಬಿಡುವ ಕೋಡಿಯ ಹಾಗೆ. ಆದರೆ ಪ್ರತಿ ದೊಡ್ಡ ಹೊಡೆತವೂ ಬಿಲ್ಲೆಯನ್ನು ಸ್ವಲ್ಪ ಸವೆಸುತ್ತದೆ. ಸವೆದು ಹೋದ ಪ್ರೊಟೆಕ್ಟರ್ ಮೂಲಕವೂ ಕರೆಂಟ್ ಮಾಮೂಲಿನಂತೆ ಹಾಯಬಹುದು, ಕಾಯುವುದು ಮಾತ್ರ ನಿಂತಿರುತ್ತದೆ. ಸ್ಥಿತಿ ತೋರಿಸುವ ದೀಪ ಇರುವುದನ್ನೇ ಕೊಳ್ಳಬೇಕು ಎನ್ನುವುದು ಇದಕ್ಕೇ.

240 ವೋಲ್ಟಿನ ಲೈನಿಗೆ ಹಾಕುವ ಇಂಥ ಬಿಲ್ಲೆಗಳು ಸಾಮಾನ್ಯವಾಗಿ 275 ವೋಲ್ಟ್‌ವರೆಗೆ ಸದಾ ತಡೆದುಕೊಳ್ಳುವಂತೆ ಮಾಡಿದವು. ಅದಕ್ಕಿಂತ ಬಹಳ ಮೇಲೆ, ಉದಾಹರಣೆಗೆ 350 ವೋಲ್ಟ್ ನಿಮಿಷಗಟ್ಟಲೆ ಬಂದರೆ ಬಿಲ್ಲೆ ಕಾದು ಸುಟ್ಟೇ ಹೋಗುತ್ತದೆ. ಕ್ಷಣದ ಹೊಡೆತ ತಡೆಯಲು ಮಾಡಿದ ಸಾಧನ ದೀರ್ಘ ಹೊಡೆತವನ್ನು ತಡೆಯಲಾರದು.

ಹೀಗೆ ವೋಲ್ಟೇಜ್ ಏರಿ ನಿಲ್ಲುವುದು ಯಾವಾಗ? ದೊಡ್ಡ ತೋಟದ ಮನೆಗೋ ರೆಸಾರ್ಟಿಗೋ ಸಾಮಾನ್ಯವಾಗಿ ಮೂರು ಫೇಸ್ ಬಂದಿರುತ್ತದೆ. ಒಂದೊಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 240 ವೋಲ್ಟ್, ಎರಡು ಫೇಸ್‌ಗಳ ನಡುವೆ 415 ವೋಲ್ಟ್. ನ್ಯೂಟ್ರಲ್ ತಂತಿ ಎಲ್ಲೋ ಸಡಿಲವಾಗಿ ಕಳಚಿಕೊಂಡಿತು ಎನ್ನಿ. ಆಗ ಎರಡು ಫೇಸಿನ ಉಪಕರಣಗಳು 415 ವೋಲ್ಟನ್ನು ತಮ್ಮೊಳಗೇ ಹಂಚಿಕೊಳ್ಳಬೇಕಾಗುತ್ತದೆ, ಸಮಪಾಲಿನಲ್ಲಿ ಅಲ್ಲ. ಕಡಿಮೆ ಲೋಡ್ ಇರುವ ಕಡೆಗೆ ಹೆಚ್ಚು ವೋಲ್ಟೇಜ್. ಆ ಕಡೆಯ ಸಾಕೆಟ್‌ಗೆ ನಿಮ್ಮ ಕ್ಯಾರವಾನ್ ಸಿಕ್ಕಿಸಿದ್ದರೆ ಚಾರ್ಜರ್, ಫ್ರಿಜ್ಜಿನ ಬೋರ್ಡು, ಎಸಿಯ ಬೋರ್ಡು ಒಟ್ಟಿಗೇ ಹೋಗಬಹುದು.

ಮಕ್ಕಳಿಗಾಗಿ ಮೊದಲು ನೋಡಬೇಕಾದದ್ದು

ಕ್ಯಾರವಾನ್ ನಿಂತಿರುವುದು ರಬ್ಬರ್ ಟಯರ್‌ಗಳ ಮೇಲೆ. ಒಳಗೆಲ್ಲೋ ಒಂದು ತಂತಿಯ ಹೊದಿಕೆ ಹರಿದು ಲೋಹದ ಚೌಕಟ್ಟಿಗೆ ತಾಗಿತು ಎಂದುಕೊಳ್ಳಿ. ಅರ್ಥಿಂಗ್ ಸರಿಯಿದ್ದರೆ ಆ ಕರೆಂಟು ಭೂಮಿಯ ದಾರಿ ಹಿಡಿದು ಹರಿಯುತ್ತದೆ, ಸ್ವಿಚ್ ಟ್ರಿಪ್ ಆಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಕ್ಯಾರವಾನಿನ ಮೈ ಮಾತ್ರ 240 ವೋಲ್ಟ್ ಹೊತ್ತು ನಿಂತಿರುತ್ತದೆ. ಸಮುದ್ರದಲ್ಲಿ ಆಡಿ ಒದ್ದೆ ಕಾಲಲ್ಲಿ ಓಡಿ ಬಂದ ಮಗು ನೆಲದ ಮೇಲೆ ನಿಂತು ಬಾಗಿಲಿನ ಹಿಡಿ ಹಿಡಿದರೆ, ಭೂಮಿಯ ದಾರಿ ಆ ಮಗುವೇ ಆಗುತ್ತದೆ.

ಎಷ್ಟು ದುಬಾರಿ ಸರ್ಜ್ ಬಿಲ್ಲೆಯೂ ಇದನ್ನು ತಡೆಯುವುದಿಲ್ಲ, ಯಾಕೆಂದರೆ ಇಲ್ಲಿ ವೋಲ್ಟೇಜ್ ಹೆಚ್ಚಾಗಿಯೇ ಇಲ್ಲ. ತಡೆಯುವುದು ಆರ್‌ಸಿಡಿ. ಊರಿನಲ್ಲಿ ಇಂಥ ಸ್ವಿಚ್ಚನ್ನು ಇಎಲ್‌ಸಿಬಿ ಎಂದೇ ಕರೆಯುವುದು ರೂಢಿ. ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬಂದಿತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಜನರ ರಕ್ಷಣೆಗೆ ಹಾಕುವ ಆರ್‌ಸಿಡಿ 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಬರುವಷ್ಟರಲ್ಲಿ, ಸೆಕೆಂಡಿನ ಸಣ್ಣ ಭಾಗದಲ್ಲಿ, ಕರೆಂಟ್ ಕಡಿದುಬಿಡುತ್ತದೆ. ಅದರ ಮೇಲೆ 'ಟಿ' ಎಂಬ ಬಟನ್ ಇರುತ್ತದೆ. ಒತ್ತಿದಾಗ ಟಪ್ ಎಂದು ಬೀಳಬೇಕು. ಆದರೆ ಆ ಬಟನ್ ಆರ್‌ಸಿಡಿ ಕೆಲಸ ಮಾಡುತ್ತದೆ ಎಂದಷ್ಟೇ ಹೇಳುತ್ತದೆ, ಅರ್ಥಿಂಗ್ ಇದೆ ಎಂದು ಹೇಳುವುದಿಲ್ಲ. ಅದಕ್ಕೆ ಸಾಕೆಟ್ ಟೆಸ್ಟರ್ ಬೇಕು. ಚೌಕ ಪಿನ್ನಿನ ಸಾಕೆಟ್‌ಗೆ ಚುಚ್ಚಿದರೆ ಮೂರು ದೀಪಗಳ ಮೂಲಕ ಜೋಡಣೆ ಸರಿಯೋ ತಪ್ಪೋ ತೋರಿಸುವ ಸಣ್ಣ ಸಾಧನ. ಅರ್ಥ್ ತಂತಿ ಎಷ್ಟು ಗಟ್ಟಿ ಎಂದು ಅದಕ್ಕೆ ಗೊತ್ತಾಗದು. ಅರ್ಥ್ ಇಲ್ಲವೇ ಇಲ್ಲ ಎಂಬುದನ್ನು ಮಾತ್ರ ಹೇಳಬಲ್ಲದು, ಅಷ್ಟೇ ದೊಡ್ಡ ವಿಷಯ.

ಇಲ್ಲಿ ನಮ್ಮ ಭಾರತೀಯ ಮನೆಗಳ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಊರಿನಿಂದ ತಂದ ದುಂಡು ಪಿನ್ನಿನ ಪ್ಲಗ್ಗನ್ನು ಇಲ್ಲಿನ ಸಾಕೆಟ್‌ಗೆ ಸೇರಿಸಲು ಮೇಲಿನ ತೂತಿಗೆ ಪೆನ್ನು ತುರುಕಿ ಮುಚ್ಚಳ ತೆರೆಯುತ್ತೇವಲ್ಲ, ಅದು. ಆ ಮುಚ್ಚಳ ಇರುವುದೇ ಮಕ್ಕಳ ಬೆರಳು ಒಳಗೆ ಹೋಗದಿರಲಿ ಎಂದು. ಅದನ್ನು ತೆರೆಯಬೇಕಾದದ್ದು ಪ್ಲಗ್ಗಿನ ಉದ್ದನೆಯ ಅರ್ಥ್ ಪಿನ್. ಕ್ಯಾರವಾನಿನ ಕೇಬಲ್‌ಗೆ ಇಂಥ ಕಸರತ್ತು ಖಂಡಿತ ಬೇಡ. ಯುರೋಪಿನಿಂದ ಬಂದ ಕ್ಯಾರವಾನ್‌ಗಳಲ್ಲಿ ನೀಲಿ ಬಣ್ಣದ ದುಂಡನೆಯ 16 ಆಂಪಿಯರ್ ಪ್ಲಗ್ ಇರುತ್ತದೆ. ಅದನ್ನು ಇಲ್ಲಿನ 13 ಆಂಪಿಯರ್ ಸಾಕೆಟ್‌ಗೆ ಜೋಡಿಸುವ ಅಡಾಪ್ಟರ್‌ನಲ್ಲಿ ಅರ್ಥ್ ಪಿನ್ ಒಳಗಿನವರೆಗೆ ತಲುಪಿರಬೇಕು. 13 ಆಂಪಿಯರ್ ಎಂದರೆ ಸುಮಾರು 3 ಕಿಲೋವ್ಯಾಟ್. ಎಸಿ ಓಡುತ್ತಿರುವಾಗ ಕಾಫಿಗೆಂದು ಎಲೆಕ್ಟ್ರಿಕ್ ಕೆಟಲ್ ಹಾಕಿದರೆ ಮಿತಿ ಮುಟ್ಟಿದಂತೆಯೇ.

ಮರಳಿನಲ್ಲಿ ನೆಟ್ಟ ಸರಳು

"ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಒಂದು ಕಬ್ಬಿಣದ ಸರಳು ನೆಟ್ಟು ತಂತಿ ಕಟ್ಟಿದರಾಯ್ತು" ಎನ್ನುವವರಿದ್ದಾರೆ. ಮಲೆನಾಡಿನ ಒದ್ದೆ ಮಣ್ಣನ್ನು ನೋಡಿ ಬೆಳೆದ ನಮಗೆ ಇದು ಸರಿ ಎಂದೇ ಅನ್ನಿಸುತ್ತದೆ. ಆದರೆ ಒಣ ಮರಳಿನಲ್ಲಿ ಕರೆಂಟು ಸುಲಭವಾಗಿ ಹರಿಯುವುದಿಲ್ಲ. ಊರಿನಲ್ಲಿ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಆಗಾಗ ನೀರು ಹೊಯ್ಯುತ್ತಿದ್ದದ್ದು ಇದೇ ಕಾರಣಕ್ಕೆ.

ಲೆಕ್ಕ ಹಾಕಿ ನೋಡೋಣ. ಶರ್ಕಿಯಾದ ಮರಳಿನಲ್ಲಿ ನೆಟ್ಟ ಸರಳಿನ ತಡೆ 200 ಓಮ್ ಎಂದಿಟ್ಟುಕೊಳ್ಳಿ. 240 ವೋಲ್ಟನ್ನು 200ರಿಂದ ಭಾಗಿಸಿದರೆ 1.2 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಅದು ಬೀಳುವುದಿಲ್ಲ. ಕ್ಯಾರವಾನಿನ ಮೈ ಅಪಾಯಕಾರಿಯಾಗಿಯೇ ಉಳಿಯುತ್ತದೆ. ಅದೇ 1.2 ಆಂಪಿಯರ್ ಆರ್‌ಸಿಡಿಯ ಮಿತಿಯ 40 ಪಟ್ಟು, ಅದು ಕೂಡಲೇ ಬೀಳುತ್ತದೆ. ಸರಳನ್ನು ನಂಬಿ ಆರ್‌ಸಿಡಿ ಬಿಡುವಂತಿಲ್ಲ. ಅರ್ಥಿಂಗ್ ಇಲ್ಲದ ಸಾಕೆಟ್ ಸಿಕ್ಕರೆ ಸಿಕ್ಕಿಸದೆ ಇರುವುದೇ ಒಳ್ಳೆಯದು. ಒಂದು ರಾತ್ರಿ ಎಸಿ ಇಲ್ಲದೆ ಕಳೆಯಬಹುದು.

ಜನರೇಟರ್ ಇದ್ದರೆ

ಮರಳುಗಾಡಿನಲ್ಲಿ ಕರೆಂಟ್ ಬರುವುದು ಹೆಚ್ಚಾಗಿ ಸಣ್ಣ ಪೆಟ್ರೋಲ್ ಜನರೇಟರ್‌ನಿಂದ. ಅಲ್ಲಿ ಸಿಡಿಲಿಗಿಂತ ಎಸಿಯದೇ ಚಿಂತೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಮೇಲೆ ಜಿಗಿಯುತ್ತದೆ. ಇನ್ವರ್ಟರ್ ಮಾದರಿಯ ಜನರೇಟರ್‌ಗಳಲ್ಲಿ ಈ ಏರಿಳಿತ ಕಡಿಮೆ. ಬಾಡಿಗೆಗೆ ಕೇಳುವಾಗ ಅದನ್ನೇ ಕೇಳಿ.

ಇನ್ನೊಂದು ಮುಖ್ಯ ವಿಷಯವಿದೆ. ಹಲವು ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ತಂತಿಯನ್ನು ಜನರೇಟರಿನ ಮೈಗಾಗಲಿ ಭೂಮಿಗಾಗಲಿ ಕಟ್ಟಿರುವುದಿಲ್ಲ. ಹೀಗಿದ್ದಾಗ ಸೋರಿದ ಕರೆಂಟಿಗೆ ವಾಪಸ್ ಬರುವ ದಾರಿ ಇಲ್ಲದೆ, ಆರ್‌ಸಿಡಿ ಮೊದಲ ದೋಷಕ್ಕೆ ಬೀಳದೇ ಇರಬಹುದು. ಎರಡನೆಯ ದೋಷ ಸೇರಿಕೊಂಡಾಗ ಅಪಾಯ. ಸಾಕೆಟ್ ಟೆಸ್ಟರ್ ಕೂಡ ಅಲ್ಲಿ 'ಅರ್ಥ್ ಇಲ್ಲ' ಎಂದು ತೋರಿಸಬಹುದು. ಇದನ್ನು ಸರಿಪಡಿಸುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: "ಈ ಜನರೇಟರ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿದ್ದೀರಾ? ಆರ್‌ಸಿಡಿ ಪರೀಕ್ಷೆ ಮಾಡಿದ್ದೀರಾ?" ಜೊತೆಗೆ, ಜನರೇಟರನ್ನು ಕ್ಯಾರವಾನಿನ ಕಿಟಕಿ, ಬಾಗಿಲುಗಳಿಂದ ದೂರ, ಗಾಳಿ ಹೊರಕ್ಕೆ ಬೀಸುವ ಕಡೆ ಇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ.

ಕೇಬಲ್ ಡ್ರಮ್ ಇದ್ದರೆ ಪೂರ್ತಿ ಬಿಚ್ಚಿ. ಸುತ್ತಿಟ್ಟ ಕೇಬಲ್‌ನಲ್ಲಿ ಎಸಿಯ ಕರೆಂಟ್ ಹರಿದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಹೊದಿಕೆ ಕರಗಬಹುದು. ಒಮಾನಿನ ಬಿಸಿಲಿನಲ್ಲಿ ಇದು ಬೇಗ ಆಗುತ್ತದೆ.

ಮಿಂಚು, ಸಿಡಿಲು, ಗುಡುಗು

ಹಾಗಾದರೆ ಸಿಡಿಲು? ಅದು ನೀವು ಎಲ್ಲಿಗೆ, ಯಾವಾಗ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ಸಲಾಲದ ಖರೀಫ್ ಮಳೆಯನ್ನು ತರುವುದು ನಮ್ಮ ಕರಾವಳಿಗೆ ಮುಂಗಾರು ತರುವ ಅದೇ ನೈಋತ್ಯ ಮಾರುತ. ಆದರೆ ಧೋಫಾರ್ ತೀರದಲ್ಲಿ ಆ ಗಾಳಿ ಸಮುದ್ರದ ಆಳದ ತಣ್ಣೀರನ್ನು ಮೇಲೆ ತರುತ್ತದೆ. ತೇವದ ಗಾಳಿ ತಣಿದು ಬೆಟ್ಟಕ್ಕೆ ಮಂಜಾಗಿ ಕವಿಯುತ್ತದೆ. ಮೇಲಿನ ಬಿಸಿ ಒಣ ಗಾಳಿ ಮುಚ್ಚಳದಂತೆ ಕೂತು, ಮೋಡವನ್ನು ಎತ್ತರಕ್ಕೆ ಬೆಳೆಯಲು ಬಿಡುವುದಿಲ್ಲ. ಎತ್ತರದ ಮೋಡವಿಲ್ಲದೆ ಸಿಡಿಲಿಲ್ಲ. ಅದಕ್ಕೇ ಸಲಾಲದ ಜಿನುಗು ಮಳೆಯಲ್ಲಿ ಗುಡುಗು ಅಪರೂಪ. ಉತ್ತರದ ಹಜರ್ ಬೆಟ್ಟಗಳ ಕತೆ ಬೇರೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಮೋಡ ದಿಢೀರನೆ ಬೆಳೆದು ಗುಡುಗು ಮಳೆ ಸುರಿಯುತ್ತದೆ.

ಗುಡುಗು ಕೇಳಿದರೆ ಅತ್ಯುತ್ತಮ ರಕ್ಷಣೆ ಅಜ್ಜಿಯದೇ, ಪ್ಲಗ್ ಕೀಳುವುದು. ಆದರೆ ಗುಡುಗು ಹತ್ತಿರ ಬರುವ ಮೊದಲೇ ಕೀಳಬೇಕು. ಫೈಬರ್ ಮೈಯ ಕ್ಯಾರವಾನ್‌ಗಿಂತ ಲೋಹದ ಮೈಯ ಕಾರಿನೊಳಗೆ ಕಿಟಕಿ ಏರಿಸಿ ಕೂರುವುದು ಸುರಕ್ಷಿತ. ವಾದಿಯಲ್ಲಿ ಅಥವಾ ಅದರ ಅಂಚಿನಲ್ಲಿ ನಿಂತಿದ್ದರೆ ಮೊದಲು ಎತ್ತರಕ್ಕೆ ಹೋಗಿ. ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿನ ಒಣ ಹಳ್ಳದಲ್ಲಿ ಪ್ರವಾಹವಾಗಿ ಬರಲು ಹೆಚ್ಚು ಹೊತ್ತು ಬೇಡ.

ಮಕ್ಕಳ ಜೊತೆ ಮಾಡಬಹುದಾದ ಒಂದು ಎಣಿಕೆ ಇಲ್ಲಿದೆ. ಮಿಂಚು ಕಂಡ ಕೂಡಲೇ ಸೆಕೆಂಡಿಗೊಂದರಂತೆ ಕನ್ನಡದಲ್ಲಿ ಎಣಿಸಲು ಹೇಳಿ: ಒಂದು, ಎರಡು, ಮೂರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ, ಹಾಗಾಗಿ ಮೂರು ಎಣಿಸಿದರೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ತಲುಪುವ ಮೊದಲೇ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಎಲ್ಲರೂ ಕಾರಿಗೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರುವುದು ಬೇಡ. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳು ಹತ್ತೊಂಬತ್ತು, ಇಪ್ಪತ್ತೊಂಬತ್ತರ ಹತ್ತಿರ ಬಂದಾಗ ತಡವರಿಸುವುದು ನಿಮಗೂ ಗೊತ್ತು. ಇಲ್ಲಿ ಆ ಸಂಖ್ಯೆಗಳಿಗೆ ಒಂದು ಕೆಲಸ ಸಿಗುತ್ತದೆ. ಹಾಗೆಯೇ, ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಮುಗಿದುಹೋಗುವುದನ್ನು ಕನ್ನಡ ಎರಡಾಗಿ ನೋಡುತ್ತದೆ ಎಂದು ಹೇಳಿಕೊಡಿ. ಕಣ್ಣಿಗೆ ಹೊಳೆಯುವುದು ಮಿಂಚು, ನೆಲಕ್ಕೆ ಬಡಿಯುವುದು ಸಿಡಿಲು. ಎಣಿಸುವುದು ಮಿಂಚಿನಿಂದ, ಹೆದರಬೇಕಾದದ್ದು ಸಿಡಿಲಿಗೆ.

ಹಾಗಾದರೆ, ಕೊಳ್ಳಬೇಕೇ?

ನಿಮ್ಮ ಪ್ರಯಾಣ ಇವುಗಳಲ್ಲಿ ಯಾವುದಕ್ಕೆ ಹೊಂದುತ್ತದೆ ನೋಡಿ.

ನೀವು ಸೌರ ಫಲಕ ಮತ್ತು ಬ್ಯಾಟರಿಯಲ್ಲೇ ದಿನ ಕಳೆಯುವವರಾದರೆ, ಎಲ್ಲಿಯೂ ಪ್ಲಗ್ ಸಿಕ್ಕಿಸುವುದಿಲ್ಲವಾದರೆ, ಪ್ಲಗ್ಗಿಗೆ ಹಾಕುವ ಸರ್ಜ್ ಪ್ರೊಟೆಕ್ಟರ್ ಬೇಡ. ಆ ದುಡ್ಡನ್ನು ಕಾರ್ಬನ್ ಮಾನಾಕ್ಸೈಡ್ ಅಲಾರಂಗೆ ಹಾಕಿ.

ವರ್ಷಕ್ಕೊಮ್ಮೆ ಬಾಡಿಗೆಗೆ ಹಿಡಿಯುವವರಾದರೆ, ಕ್ಯಾರವಾನಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಡಿ ಇದೆಯೇ ಎಂದು ನೋಡಿ, ನಿಮ್ಮ ಕಣ್ಣೆದುರೇ ಬಟನ್ ಒತ್ತಿಸಿ. ನಿಮ್ಮ ಕೈಯಲ್ಲಿ ಒಂದು ಸಾಕೆಟ್ ಟೆಸ್ಟರ್ ಇದ್ದರೆ ಸಾಕು.

ನಿಮ್ಮದೇ ಕ್ಯಾರವಾನ್ ಇದ್ದು, ತೋಟದ ಮನೆ, ರೆಸಾರ್ಟ್, ಸ್ನೇಹಿತರ ವಿಲ್ಲಾ ಎಂದು ಬೇರೆಯವರ ಸಾಕೆಟ್‌ಗೆ ಆಗಾಗ ಸಿಕ್ಕಿಸುವವರಾದರೆ, ಕೊಳ್ಳಿ. ಆದರೆ ಬರೀ ಸರ್ಜ್ ಬಿಲ್ಲೆ ಇರುವುದನ್ನಲ್ಲ. ವೋಲ್ಟೇಜ್ ಹೆಚ್ಚಾದರೂ ಕಡಿಮೆಯಾದರೂ ಕರೆಂಟ್ ಕಡಿದು, ಸರಿಯಾದ ಮೇಲೆ ಕೆಲವು ನಿಮಿಷ ಕಾದು ಮತ್ತೆ ಕೊಡುವ ಸಾಧನ ಬೇಕು. ಆ ಕಾಯುವಿಕೆ ಎಸಿ ಕಂಪ್ರೆಸರಿನ ಆಯುಷ್ಯಕ್ಕೆ ಒಳ್ಳೆಯದು. ರೂವಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ 'ಓವರ್ ಮತ್ತು ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್' ಎಂದು ಕೇಳಿ ನೋಡಿ. 240 ವೋಲ್ಟ್, 50 ಹರ್ಟ್ಸ್ ಎಂದು ಬರೆದಿರಬೇಕು, ನಿಮ್ಮ ಪ್ಲಗ್ಗಿನ ಆಂಪಿಯರ್‌ಗೆ ಹೊಂದಬೇಕು. ಸರ್ಜ್ ತಡೆಯೂ ಅದರಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಕ್ಯಾರವಾನ್ ಅಮೆರಿಕದ್ದಾಗಿದ್ದರೆ ಮೊದಲು ಯಾವುದನ್ನೂ ಎಲ್ಲಿಗೂ ಸಿಕ್ಕಿಸಬೇಡಿ. ಅದರ ಒಳಗಿನ ಉಪಕರಣಗಳು 120 ವೋಲ್ಟಿನವು, ಜೊತೆಗೆ ಬಂದ ಪ್ರೊಟೆಕ್ಟರೂ 120ರದ್ದೇ. ಸರಿಯಾದ ಟ್ರಾನ್ಸ್‌ಫಾರ್ಮರ್ ಇದೆಯೇ, 60 ಹರ್ಟ್ಸ್‌ನ ಎಸಿ 50ರಲ್ಲಿ ಓಡಬಲ್ಲದೇ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳಬೇಕು.

ರಜೆಯಿಲ್ಲದ ದಿನಗಳಲ್ಲಿ ಕ್ಯಾರವಾನ್ ಮನೆಯ ಹೊರಗೆ ಸದಾ ಚಾರ್ಜಿಗೆ ಹಾಕಿರುತ್ತದೆಯೇ? ಹಾಗಿದ್ದರೆ ಮನೆಯ ಡಿಬಿ ಬೋರ್ಡಿನಲ್ಲೇ ಸರ್ಜ್ ತಡೆ ಹಾಕಿಸುವುದು ಲಾಭ. ಮನೆಯ ಫ್ರಿಜ್, ಟಿವಿಗೂ ಅದೇ ಆಗುತ್ತದೆ. 2022ರ ಸೆಪ್ಟೆಂಬರ್ 5ರಂದು ಮಸ್ಕತ್ ಸೇರಿ ಉತ್ತರ ಒಮಾನಿನ ಹಲವು ಕಡೆ ಕರೆಂಟ್ ಹೋಗಿದ್ದು ಇಲ್ಲಿದ್ದವರಿಗೆ ನೆನಪಿರುತ್ತದೆ. ಅಂಥ ದಿನಗಳಲ್ಲಿ ಏರುಪೇರಿನ ಸಾಧ್ಯತೆ ಹೆಚ್ಚಿರುವುದು ಕರೆಂಟ್ ವಾಪಸ್ ಬರುವ ಹೊತ್ತಿಗೆ. ಹೋದಾಗಲೇ ಎಸಿ ಮತ್ತು ಕ್ಯಾರವಾನಿನ ಸ್ವಿಚ್ ಆಫ್ ಮಾಡಿ. ಬಂದು ಸ್ವಲ್ಪ ಹೊತ್ತು ನಿಂತ ಮೇಲೆ ಒಂದೊಂದಾಗಿ ಆನ್ ಮಾಡಿ. ಇದಕ್ಕೆ ಒಂದು ಬೈಸಾ ಖರ್ಚೂ ಇಲ್ಲ.

ತಪಾಸಣೆ ಮಕ್ಕಳದು, ಸ್ವಿಚ್ ನಿಮ್ಮದು

ಪ್ಲಗ್ ಸಿಕ್ಕಿಸುವ ಕೆಲಸ ದೊಡ್ಡವರದೇ ಇರಲಿ. ಕೇಳುವ ಕೆಲಸವನ್ನು ಮಕ್ಕಳಿಗೆ ಕೊಡಿ. ಓದಲು ಬರುವ ಮಗುವಿಗೆ ಒಂದು ಕಾರ್ಡಿನ ಮೇಲೆ ಕನ್ನಡದಲ್ಲಿ ಐದು ಪ್ರಶ್ನೆ ಬರೆದುಕೊಡಿ. ಪ್ರತಿ ಹೊಸ ಜಾಗದಲ್ಲೂ ಅದು ಗಟ್ಟಿಯಾಗಿ ಓದಲಿ, ನೀವು ನೋಡಿ ಉತ್ತರ ಹೇಳಿ:

1. ಕೇಬಲ್ ಪೂರ್ತಿ ಬಿಚ್ಚಿದ್ದೀವಾ?
2. ಸಾಕೆಟ್ ಟೆಸ್ಟರ್ ಏನು ಹೇಳ್ತಿದೆ? ಅರ್ಥಿಂಗ್ ಇದೆಯಾ?
3. ವೋಲ್ಟೇಜ್ ಎಷ್ಟು ತೋರಿಸ್ತಿದೆ?
4. ಬಟನ್ ಒತ್ತಿದಾಗ ಟಪ್ ಅಂತ ಬಿತ್ತಾ?
5. ಆಕಾಶ ಹೇಗಿದೆ? ಮೋಡ ಇದೆಯಾ?

ಐದಕ್ಕೂ ಸರಿಯಾದ ಉತ್ತರ ಬಂದ ಮೇಲೆಯೇ ಎಸಿ ಆನ್. ಕಾರ್ಡ್ ಹಿಡಿದ ಮಗು "ಇಲ್ಲ" ಎಂದರೆ ಅಪ್ಪ ಅಮ್ಮ ಕೂಡ ಕೇಳಬೇಕು ಎನ್ನುವುದು ನಿಯಮವಾಗಲಿ. ಕನ್ನಡದಲ್ಲಿ ಮಾತಾಡು ಎಂದು ಗದರಿಸಿದಾಗ ಬಾರದ ವಾಕ್ಯಗಳು, ತನ್ನ ಮಾತಿಗೆ ದೊಡ್ಡವರು ಕಾಯುತ್ತಿದ್ದಾರೆ ಎಂದು ಗೊತ್ತಾದಾಗ ಸಲೀಸಾಗಿ ಬರುತ್ತವೆ. ಆರನೆಯ ಪ್ರಶ್ನೆಯೊಂದನ್ನು ಮಗುವೇ ಸೇರಿಸಲಿ. ಬಾಗಿಲು ಮುಟ್ಟಿದಾಗ ಕೈ ಜುಮ್ ಎಂದರೆ ಕೂಡಲೇ ಕೈ ಬಿಟ್ಟು, ದೂರ ಸರಿದು, ಕೂಗಿ ಹೇಳಬೇಕು ಎಂಬುದನ್ನು ಮಾತ್ರ ನೀವೇ ಕಲಿಸಿ, ಎರಡೂ ಭಾಷೆಯಲ್ಲಿ. ಆಗ ಯಾರೂ ಕ್ಯಾರವಾನ್ ಮುಟ್ಟದೆ, ಸಾಕೆಟ್‌ನ ಕಡೆಯಿಂದಲೇ ಕರೆಂಟ್ ಆಫ್ ಮಾಡಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಮತ್ತೆ ಆನ್ ಮಾಡಬೇಡಿ.